ಅಪ್ಪನ ಲಾಕ್ ಪೆಡಲ್

ಕಳೆದ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗಳು. ಒಂದು ಹೇರ್‌ಪಿನ್ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿಬಿಟ್ಟೆ. ಒಳಮಗ್ಗುಲಿನ ಮುಂದಿನ ಚಕ್ರ ಇದ್ದಲ್ಲೇ ಗಿರ್ರನೆ ಸುತ್ತಿತು. ಸ್ಟೇರಿಂಗ್ ಹಗುರವಾಯ್ತು, ಕಾರು ತಿರುಗೋ ಬದಲು ಎದುರು ಬದಿಗೆ ಜಾರಿತು. ಆ ಕ್ಷಣ ಎದುರಿಂದ ಬಸ್ ಬರಲಿಲ್ಲ, ಅದೇ ಪುಣ್ಯ. ಟ್ರ್ಯಾಕ್ಷನ್ ಕಂಟ್ರೋಲ್ ಇತ್ತಲ್ವಾ ಅಂತ ಕೇಳ್ತೀರಾ? ಇತ್ತು. ಶೋಕಿಗೆ ನಾನೇ ಆಫ್ ಮಾಡಿದ್ದೆ.

ನನ್ನದು ಸೆಕೆಂಡ್ ಹ್ಯಾಂಡ್ ಟರ್ಬೊ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್. ಬೋನಸ್ ದುಡ್ಡು ಸುರಿದು ಎಂಜಿನ್ ಪವರ್ ಏರಿಸಿದ್ದೆ. ಆ ಪವರ್ ರಸ್ತೆಗೆ ಇಳಿಯೋದು ಹೇಗೆ ಅಂತ ಮಾತ್ರ ಯೋಚಿಸಿರಲಿಲ್ಲ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದ್ರೆ ಎಲ್‌ಎಸ್‌ಡಿ ಹಾಕಿಸೋಣ ಅಂತ ತೀರ್ಮಾನಿಸಿದೆ. ಹೆಸರು ಕೇಳಿ ಹೆಂಡತಿ ಬೆಚ್ಚಿಬಿದ್ದಳು, ಅದು ಬೇರೆ ಮಾತು.

ಕಣದಲ್ಲಿ ಮೇಟಿ ಸುತ್ತ ಎತ್ತು ಸುತ್ತಿಸೋದನ್ನ ನೋಡಿದ್ದೀರಾ? ಮೇಟಿ ಪಕ್ಕದ ಎತ್ತು ನಾಲ್ಕು ಹೆಜ್ಜೆ ಇಡೋ ಹೊತ್ತಿಗೆ ಹೊರಗಿನದು ಹತ್ತು ಹೆಜ್ಜೆ ಇಡಬೇಕು. ಕಾರಿನ ಚಕ್ರಗಳಿಗೂ ತಿರುವಿನಲ್ಲಿ ಇದೇ ಕತೆ. ಅದಕ್ಕೇ ಡಿಫರೆನ್ಷಿಯಲ್ ಇರೋದು. ಆದರೆ ಸಾಮಾನ್ಯ ಓಪನ್ ಡಿಫರೆನ್ಷಿಯಲ್ ಎರಡೂ ಕಡೆ ಟಾರ್ಕ್ ಸಮ ಹಂಚುತ್ತೆ. ಜಾರೋ ಚಕ್ರ ತಡೆಯೋದು ಎಷ್ಟೋ, ನೆಲ ಹಿಡಿದಿರೋ ಚಕ್ರಕ್ಕೂ ಸಿಗೋದು ಅಷ್ಟೇ.

ಆಟೊಕ್ರಾಸ್ ಓಡಿಸೋ ಗೆಳೆಯ 'ಪ್ಲೇಟ್ ಟೈಪ್ ಹಾಕು, ಅದೂ ಟೂ-ವೇ' ಅಂದ. ಇದರಲ್ಲಿ ಕ್ಲಚ್ ಪ್ಲೇಟ್‌ಗಳು ಎರಡೂ ಚಕ್ರಗಳನ್ನ ಬಿಗಿಯಾಗಿ ಜೊತೆಗೂಡಿಸುತ್ತವೆ. ಒನ್-ವೇ ಆದ್ರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಗಿಯುತ್ತೆ, ಟೂ-ವೇ ಆದ್ರೆ ಕಾಲು ತೆಗೆದಾಗಲೂ. ಮುಂದಿನ ಚಕ್ರಗಳಿಗೆ ಟೂ-ವೇ ಹಾಕಿದ್ರೆ ತಿರುವಿಗೆ ಇಳಿಯುವಾಗಲೂ ಕಾರು ನೇರ ಹೋಗ್ತೀನಿ ಅಂತ ಹಟ ಮಾಡುತ್ತೆ. ಪ್ಲೇಟ್ ಸವೆಯುತ್ತೆ, ಬಿಚ್ಚಿ ರಿಪೇರಿ ಮಾಡಿಸಬೇಕು, ಅದಕ್ಕೆ ಹೊಂದೋ ಆಯಿಲ್ಲೇ ಹಾಕಬೇಕು.

ಇನ್ನೊಂದು ಹೆಲಿಕಲ್. ಪ್ಲೇಟ್ ಇಲ್ಲ, ಬರೀ ಗೇರ್‌ಗಳು. 2002ರ ಫೋರ್ಡ್ ಫೋಕಸ್ ಆರ್‌ಎಸ್‌ನಲ್ಲಿ ಇದ್ದದ್ದು ಕ್ವೈಫ್ ಕಂಪನಿಯ ಇಂಥದ್ದೇ. ಅದರ ಅನುಪಾತ 2.5 ಅಂದುಕೊಳ್ಳಿ. ಜಾರೋ ಚಕ್ರ 100 ನ್ಯೂಟನ್ ಮೀಟರ್ ತಡೆದರೆ, ಇನ್ನೊಂದಕ್ಕೆ 250ರವರೆಗೆ ಹೋಗಬಹುದು.

ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಎಲ್ಲ ಕೇಳಿ, 'ಒಂದು ಚಕ್ರ ಗಾಳೀಲಿದ್ರೆ?' ಅಂದರು. ನಾನು ಸುಮ್ಮನಾದೆ. ಸೊನ್ನೆಯನ್ನ ಎರಡೂವರೆಯಿಂದ ಗುಣಿಸಿದ್ರೂ ಸೊನ್ನೆಯೇ. ಹೆಲಿಕಲ್ ಸೋಲೋದು ಅಲ್ಲೇ. ಬಿಇ ಓದಿದ ನನಗೆ ಹೊಳೆಯದಿದ್ದದ್ದು ಗದ್ದೆಯ ಅಪ್ಪನಿಗೆ ಹೊಳೆದಿತ್ತು.

ಹೊಳೆಯದೆ ಏನು, ಅವರ ಟ್ರ್ಯಾಕ್ಟರ್‌ನಲ್ಲಿ ಡಿಫರೆನ್ಷಿಯಲ್ ಲಾಕ್ ಪೆಡಲ್ ಇತ್ತು. ಒಂದು ಚಕ್ರ ಕೆಸರಲ್ಲಿ ಹೂತಾಗ ತುಳೀಬೇಕು, ತಿರುಗಿಸುವಾಗ ಕಾಲು ಎತ್ತಬೇಕು. ಹದಿನೈದನೇ ವಯಸ್ಸಲ್ಲಿ ನಾನು ಬದುವಿನ ಹತ್ತಿರ ತುಳಿದುಕೊಂಡೇ ತಿರುಗಿಸಿದೆ. ಒಳಗೆ ಏನೋ ಮುರಿದ ಸದ್ದು. ನಾಟಿ ಸಮಯದಲ್ಲಿ ಎಂಟು ದಿನ ಟ್ರ್ಯಾಕ್ಟರ್ ನಿಂತಿತು. ಅಪ್ಪ ಬಾಡಿಗೆ ಕೊಟ್ಟು ಬೇರೆಯವರ ಕೈಲಿ ಉಳಿಸಿದರು, ಅವತ್ತು ನನಗೆ ಒಂದು ಮಾತೂ ಅನ್ನಲಿಲ್ಲ.

ಈಗ ಅಂದರು: 'ಕೆಸರಿಗಾದ್ರೆ ಲಾಕ್ ಬೇಕು. ನೀನು ಹೋಗೋ ದಾರೀಲಿ ತಿರುವೇ ಜಾಸ್ತಿ ಅಲ್ವಾ ಮಗಾ? ತಿರುಗೋಕೆ ಬಿಡೋದನ್ನೇ ತಗೋ.'

ಚಕ್ರ ಗಾಳಿಗೆ ಎತ್ತಿ ಓಡಿಸೋ ಟ್ರ್ಯಾಕ್ ಆಟ ನನ್ನದಲ್ಲ. ಆಫೀಸು, ಘಾಟಿ, ಊರು, ಅಷ್ಟೇ. ಹಾಗಾಗಿ ಹೆಲಿಕಲ್ ಆರಿಸಿದೆ. ಆದರೆ ಅದಕ್ಕೂ ಮೊದಲು ನಾಲ್ಕು ಒಳ್ಳೆ ಟೈರ್ ಹಾಕಿಸಿದೆ. ಯಾಕಂದ್ರೆ ಎಲ್‌ಎಸ್‌ಡಿ ಹಿಡಿತ ಹುಟ್ಟಿಸೋದಿಲ್ಲ, ಇರೋ ಹಿಡಿತವನ್ನ ಸರಿಯಾಗಿ ಹಂಚುತ್ತೆ. ಎರಡೂ ಚಕ್ರ ಜಾರಿದ್ರೆ ಹಂಚೋಕೆ ಏನೂ ಉಳಿದಿರೋದಿಲ್ಲ.

ಟ್ರ್ಯಾಕ್ಷನ್ ಕಂಟ್ರೋಲ್ ಬಟನ್ ಈಗ ಮುಟ್ಟೋದಿಲ್ಲ. ಹಿಂದಿನ ಸೀಟಲ್ಲಿ ಮಗಳು ನಿದ್ದೆ ಮಾಡ್ತಿರ್ತಾಳೆ.