ಕೂತು ನೋಡಿದ ಮನೆ

ಅಕ್ಕನ ಮಗ ಕಟ್ಟಿದ್ದು ಶರಾವತಿಯ ಹಿನ್ನೀರಿನ ಅಡಿಯಲ್ಲಿರುವ ಮನೆಯನ್ನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ ಸೀಮೆಯ ಎಷ್ಟೋ ಊರುಗಳ ಜೊತೆ ನಮ್ಮ ಹಿರಿಯರ ಮನೆಯೂ ಹೋಯಿತು. ಅಪ್ಪಯ್ಯನಿಗೆ ಆಗ ಒಂಬತ್ತು ವರ್ಷ. ಆ ಮನೆಯ ಒಂದು ಫೋಟೊ ಕೂಡ ಉಳಿದಿಲ್ಲ. ಉಳಿದಿರುವುದು ಅಪ್ಪಯ್ಯನ ಮಾತು. ಮಳೆಗಾಲದ ಸಂಜೆ ಬಚ್ಚಲ ಒಲೆಯ ಮುಂದೆ ಮೈ ಕಾಯಿಸುತ್ತ ಕೂತರೆ ಅವರು ಜಗಲಿಯಿಂದ ಶುರುಮಾಡಿ ನಡುಮನೆ, ಅಡುಗೆಮನೆ, ಅಟ್ಟ, ಕೊಟ್ಟಿಗೆ ಎಲ್ಲವನ್ನೂ ಸುತ್ತಿಸಿ ಮತ್ತೆ ಜಗಲಿಗೆ ತಂದು ಬಿಡುತ್ತಿದ್ದರು. ನಾವು ಅದನ್ನು ಕೇಳುತ್ತ ಬೆಳೆದವರು. ಅಳಿಯ ಅದನ್ನು ಕೇಳಿ ಮೈನ್‌ಕ್ರಾಫ್ಟಿನಲ್ಲಿ ಕಟ್ಟಿದ.

ಆ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಹೊರಗೆ ಬಿಟ್ಟ ಆಟ ಅದು. ಗೆಲ್ಲಲೇಬೇಕು, ಮುಗಿಸಲೇಬೇಕು ಎಂಬ ಒತ್ತಾಯವಿಲ್ಲ. ಮಣ್ಣು, ಕಲ್ಲು, ಮರ ಎಲ್ಲವೂ ಚೌಕದ ತುಂಡುಗಳು. ಒಡೆಯಬೇಕು, ಜೋಡಿಸಬೇಕು, ಬೇಕಾದ್ದನ್ನು ಕಟ್ಟಬೇಕು. ಒಂದು ತುಂಡಿನ ಅಳತೆ ಎಲ್ಲ ಕಡೆಯಿಂದಲೂ ಒಂದು ಮೀಟರ್. ಈ ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಳಿಯ ಗೋಡೆಗೆ ಆರಿಸಿದ್ದು ಮಣ್ಣಿನ ಇಟ್ಟಿಗೆ. ಅದು ಆಟದೊಳಗೆ ಬಂದದ್ದೇ 2022ರ ಜೂನ್‌ನಲ್ಲಿ, 1.19ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಅವನು ಬೇರೆ ಬಣ್ಣದ ಕಲ್ಲು ಹಾಕಿದ್ದನಂತೆ. ಹೊಸ ಇಟ್ಟಿಗೆ ಬಂದ ಕೂಡಲೇ ಇಡೀ ಮನೆಯ ಗೋಡೆ ಬಿಚ್ಚಿ ಮತ್ತೆ ಕಟ್ಟಿದ. ಹದಿಮೂರು ವರ್ಷದ ಹುಡುಗನಲ್ಲಿ ಅಷ್ಟು ಶ್ರದ್ಧೆ ಕಂಡು ನನಗೆ ಹೆಮ್ಮೆಯಾಗಿತ್ತು.

2023ರ ಜುಲೈನಲ್ಲಿ ನಾನು ಬೆಂಗಳೂರಿನಿಂದ ಸಾಗರಕ್ಕೆ ಹೋಗುವಾಗ, ಕಣ್ಣಿಗೆ ಕಟ್ಟಿಕೊಂಡರೆ ಆಟದ ಒಳಗೇ ನಿಂತಂತೆ ಕಾಣಿಸುವ ಕ್ವೆಸ್ಟ್ 2 ಎಂಬ ವಿಆರ್ ಹೆಡ್‌ಸೆಟ್ ತೆಗೆದುಕೊಂಡು ಹೋಗಿದ್ದೆ. ಅಮೆರಿಕದಿಂದ ಬರುವಾಗ ಗೆಳೆಯನೊಬ್ಬ ತಂದುಕೊಟ್ಟದ್ದು. ಚೀಲ ಬಿಚ್ಚುವುದರೊಳಗೆ ಅಳಿಯ ಕೇಳಿದ: “ಮಾವ, ಇದನ್ನ ಹಾಕ್ಕೊಂಡು ನನ್ನ ಮನೆ ಒಳಗೆ ಹೋಗಿ ನಿಲ್ಲಬಹುದಂತೆ, ಹೌದಾ?”

ನಿಲ್ಲಬಹುದು, ಆದರೆ ಆಟ ಮಾಡಿದ ಕಂಪನಿ ಕೊಟ್ಟ ದಾರಿಯಿಂದಲ್ಲ. ಮೈನ್‌ಕ್ರಾಫ್ಟಿನಲ್ಲಿ ಎರಡು ಬಗೆ. ಬೆಡ್‌ರಾಕ್ ಎಂಬ ಬಗೆಗೆ 2016ರಲ್ಲಿ ಅಧಿಕೃತ ವಿಆರ್ ಬಂದಿತ್ತು. 2025ರ ಮಾರ್ಚ್ ನಂತರ ಅದನ್ನೂ ಕೈಬಿಟ್ಟರು. ಅಳಿಯ ಕಟ್ಟಿದ್ದು ಜಾವಾ ಎಂಬ ಹಳೆಯ ಬಗೆಯಲ್ಲಿ. ಅದಕ್ಕೆ ಅಧಿಕೃತ ವಿಆರ್ ಎಂದೂ ಬರಲೇ ಇಲ್ಲ. ಬರಬಹುದೆಂಬ ಮಾತುಕತೆ ಒಮ್ಮೆ ನಡೆದಿತ್ತು. 2014ರಲ್ಲಿ ಫೇಸ್‌ಬುಕ್ ವಿಆರ್ ಹೆಡ್‌ಸೆಟ್ ಮಾಡುವ ಆಕ್ಯುಲಸ್ ಕಂಪನಿಯನ್ನು ಕೊಂಡಾಗ ಪರ್ಸನ್ ಆ ಮಾತುಕತೆ ಮುರಿದರು. ದೊಡ್ಡವರು ಮಾಡದೆ ಬಿಟ್ಟ ಕೆಲಸವನ್ನು ಅಭಿಮಾನಿಗಳು ಎತ್ತಿಕೊಂಡರು. ಆ ಮಾತುಕತೆ ಮುರಿಯುವ ಮೊದಲೇ, 2013ರಲ್ಲಿ, ಮೈನ್‌ಕ್ರಿಫ್ಟ್ ಎಂಬ ಮಾಡ್, ಎಂದರೆ ಆಟಕ್ಕೆ ಹೊರಗಿನವರು ಬರೆದು ಸೇರಿಸುವ ತುಣುಕು, ಬಂದಿತ್ತು; ಅದರ ಬೇರಿನಿಂದಲೇ ವೈವ್‌ಕ್ರಾಫ್ಟ್ ಬೆಳೆಯಿತು. ಪುಕ್ಕಟೆ ಸಿಗುತ್ತದೆ. ಬೇರೆಯವರ ಆಟದ ಹೊಟ್ಟೆಯೊಳಗೆ ಕೈಹಾಕಿ, ಆಟದ ಪ್ರತಿ ಹೊಸ ಆವೃತ್ತಿ ಬಂದಾಗಲೂ ತಮ್ಮ ಕೆಲಸವನ್ನು ಮತ್ತೆ ಸರಿಹೊಂದಿಸುತ್ತ, ವರ್ಷಗಟ್ಟಲೆ ಅದನ್ನು ಜೀವಂತ ಇಟ್ಟವರ ಬಗ್ಗೆ ನನಗೆ ದೊಡ್ಡ ಗೌರವವಿದೆ. ನಮ್ಮನೆಯಲ್ಲಿ ಮುಂದೆ ನಡೆದದ್ದೆಲ್ಲ ಅವರು ಕೊಟ್ಟದ್ದು.

ರಾತ್ರಿ ಊಟ ಮುಗಿಸಿ ಪಡಸಾಲೆಯಲ್ಲಿ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಹೊರಗೆ ಮಳೆ ಒಂದೇ ಸಮ. ಮೊದಲು ಅಳಿಯನ ಲೋಕವನ್ನು, ಎಂದರೆ ಆಟದ ಫೋಲ್ಡರಿನೊಳಗೆ ಉಳಿದಿರುವ ಅವನ ಕಟ್ಟಡದ ಕಡತವನ್ನು, ಪೆನ್ ಡ್ರೈವಿಗೆ ನಕಲು ಮಾಡಿಸಿದೆ. ಯಾವ ಮಾಡ್ ಹಾಕುವ ಮೊದಲೂ ಇದನ್ನು ಮಾಡಲೇಬೇಕು. ಆಮೇಲೆ ಆವೃತ್ತಿಯ ಲೆಕ್ಕ. ಮನೆಯಲ್ಲಿ ಮಣ್ಣಿನ ಇಟ್ಟಿಗೆ ಇರುವುದರಿಂದ 1.19ಕ್ಕಿಂತ ಹಿಂದಿನ ಆಟದಲ್ಲಿ ಅದನ್ನು ತೆರೆಯುವಂತಿಲ್ಲ, ತೆರೆದರೆ ಗೋಡೆಗಳೇ ಇರುವುದಿಲ್ಲ. ಹಾಗಾಗಿ ಆಟ, ಮಾಡ್‌ಗಳನ್ನು ಹೊತ್ತು ನಿಲ್ಲುವ ಫ್ಯಾಬ್ರಿಕ್, ಅದರ ಮೇಲೆ ವೈವ್‌ಕ್ರಾಫ್ಟ್, ಮೂರೂ ಒಂದೇ ಆವೃತ್ತಿಗೆ ಹೊಂದಬೇಕು. ಹೊಂದಿಸಿದೆವು. ಆಟಕ್ಕೆ ಮೊದಲೇ ನಿಗದಿಯಾಗಿದ್ದ ಮೆಮೊರಿ 2 ಜಿಬಿ, ಅದನ್ನು ನಾಲ್ಕಕ್ಕೆ ಏರಿಸಿದೆ. ಹೆಡ್‌ಸೆಟ್‌ಗೂ ಲ್ಯಾಪ್‌ಟಾಪಿಗೂ ಕೇಬಲ್ ಕಟ್ಟಿ, ನಡುವೆ ಮಾತಾಡಲು ಸ್ಟೀಮ್‌ವಿಆರ್ ಎಬ್ಬಿಸಿದೆ. ನೆಲದ ಎತ್ತರ ಗುರುತಿಸಿ, ಪಡಸಾಲೆಯ ಮಂಚ, ಕಂಬ, ಟಿವಿ ಸ್ಟ್ಯಾಂಡುಗಳಿಗೆ ತಾಗದಂತೆ ಸುತ್ತ ಗಡಿ ಎಳೆದೆ.

ಓಡಿತು, ಆದರೆ ಎಡವುತ್ತ ಓಡಿತು. ತಲೆ ತಿರುಗಿಸಿದರೆ ಮನೆ ಒಂದು ಗಳಿಗೆ ತಡವಾಗಿ ತಿರುಗುತ್ತದೆ. ಟಿವಿಯ ಮೇಲಾದರೆ ಅದು ಬರೀ ಕಿರಿಕಿರಿ, ಕಣ್ಣಿಗೆ ಕಟ್ಟಿಕೊಂಡಾಗ ಹೊಟ್ಟೆ ತೊಳೆಸುತ್ತದೆ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ಇನ್ನೊಂದು ಹೇಳುತ್ತದೆ. ಘಾಟಿಯಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಈ ಸಂಕಟ ಗೊತ್ತು. ಸೆಕೆಂಡಿಗೆ 90 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ ಹನ್ನೊಂದು ಮಿಲಿಸೆಕೆಂಡ್, ಅಷ್ಟರೊಳಗೆ ಎಡಗಣ್ಣಿಗೊಂದು ಬಲಗಣ್ಣಿಗೊಂದು ಚಿತ್ರ ಬರೆದು ಮುಗಿಯಬೇಕು. ಕಾರಣ ಹುಡುಕಿದರೆ ಅದು ಮಳೆಯಲ್ಲಿತ್ತು. ಸಾಗರದಲ್ಲಿ ಅಂಥ ರಾತ್ರಿ ಕರೆಂಟು ಹೋಗುವುದು ಹೊಸದಲ್ಲ; ಪಡಸಾಲೆಯ ದೀಪ ಇನ್ವರ್ಟರಿನ ಮೇಲೆ ಉರಿಯುತ್ತಿತ್ತು, ಪ್ಲಗ್ಗಿನಲ್ಲಿ ವಿದ್ಯುತ್ ಇರಲಿಲ್ಲ. ಬ್ಯಾಟರಿಯ ಮೇಲಿರುವಾಗ ಲ್ಯಾಪ್‌ಟಾಪ್ ತನ್ನ ಗ್ರಾಫಿಕ್ಸ್ ಕಾರ್ಡಿನ ಶಕ್ತಿಯನ್ನು ಇಳಿಸಿಬಿಡುತ್ತದೆ. ಕರೆಂಟು ಬರುವವರೆಗೆ ಕಾದೆವು. ಬಂದ ಮೇಲೂ ದೂರದ ನೋಟವನ್ನು ಎಂಟು ಚಂಕ್‌ಗೆ ತಂದೆ. ಒಂದು ಚಂಕ್ ಎಂದರೆ ಹದಿನಾರು ಮೀಟರ್ ಚೌಕ. ದೂರದ ಗುಡ್ಡ ಮಂಜಿನಲ್ಲಿ ಮುಚ್ಚಿಹೋಯಿತು. ಮಲೆನಾಡಿನ ಮನೆಗೆ ಅದು ಒಪ್ಪುವಂತೆಯೇ ಇತ್ತು.

ಅಳಿಯ ಹೆಡ್‌ಸೆಟ್ ಹಾಕಿಕೊಂಡು ಮೊದಲು ಮಾಡಿದ್ದು ಏಣಿ ಹತ್ತಿದ್ದು. ವೈವ್‌ಕ್ರಾಫ್ಟಿನಲ್ಲಿ ಗುಂಡಿ ಒತ್ತಿ ಏಣಿ ಹತ್ತಬೇಕಿಲ್ಲ. ಕೈ ಚಾಚಿ ಮೆಟ್ಟಿಲು ಹಿಡಿದು, ಕೆಳಕ್ಕೆ ಎಳೆದು, ಇನ್ನೊಂದು ಕೈ ಚಾಚಬೇಕು. ಬಿಲ್ಲು ಹೊಡೆಯಬೇಕೆಂದರೆ ಒಂದು ಕೈಯಲ್ಲಿ ಬಿಲ್ಲು ಹಿಡಿದು ಇನ್ನೊಂದರಲ್ಲಿ ಹೆದೆ ಎಳೆಯಬೇಕು, ತಿನ್ನಬೇಕೆಂದರೆ ತಿನಿಸನ್ನು ಬಾಯಿಗೆ ತರಬೇಕು. ಪಡಸಾಲೆಯ ನಡುವೆ ಅವನು ಗಾಳಿ ಹತ್ತುತ್ತಿದ್ದರೆ ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಅವನು ಅಟ್ಟಕ್ಕೆ ತಲುಪಿ, “ಮಾವ, ಇಲ್ಲಿಂದ ಅಂಗಳ ಕಾಣ್ತದೆ!” ಎಂದ. ಅಷ್ಟು ದಿನ ಅವನೇ ಇಟ್ಟ ಒಂದೊಂದು ತುಂಡು. ಆದರೂ ಅಂಗಳ ಕಂಡದ್ದು ಅವತ್ತೇ.

ಮಾರನೆಯ ದಿನ ಬೆಳಗ್ಗೆ ಅಪ್ಪಯ್ಯನ ಸರದಿ. ಕನ್ನಡಕದ ಮೇಲೆ ಹಾಕಲು ಪೆಟ್ಟಿಗೆಯಲ್ಲಿ ಬಂದಿದ್ದ ಚೌಕಟ್ಟನ್ನು ನಡುವೆ ಕೂರಿಸಿ, ಮಸೂರಗಳ ಅಂತರವನ್ನು ಅವರ ಕಣ್ಣಿಗೆ ಹೊಂದಿಸಿದೆ. ನಡಿಗೆಗೆ ಜಾರುವ ವಿಧಾನ ಬೇಡವೆಂದು, ಬೊಟ್ಟು ಮಾಡಿದ ಜಾಗಕ್ಕೆ ನೆಗೆದು ನಿಲ್ಲುವ ವಿಧಾನ ಆರಿಸಿದೆ. ಅರವತ್ತೆಂಟು ವರ್ಷದವರಿಗೆ ತಲೆಸುತ್ತು ಬರಿಸುವುದು ನನಗೆ ಸುತರಾಂ ಬೇಕಿರಲಿಲ್ಲ. ಅವರ ಹಿಂದೆ ನಾನು, ಮುಂದೆ ಅಳಿಯ. ಅವರಿಗೆ ಕಾಣುವುದೆಲ್ಲ ಲ್ಯಾಪ್‌ಟಾಪಿನಲ್ಲಿ ನಮಗೂ ಕಾಣುತ್ತಿತ್ತು. ಅಂಗಳದಲ್ಲಿ ನಿಂತು ಅವರು ತಲೆ ಎತ್ತಿದರು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

“ಎಂತ ಮಾರಾಯ, ಇದು ಗೊಂಬೆ ಮನೆ ಕಟ್ಟೀಯಲ್ಲ,” ಎಂದರು.

ಅಳಿಯನ ಮುಖ ಸಣ್ಣದಾಯಿತು. “ನೀನು ಹೇಳಿದಂಗೇ ಕಟ್ಟಿದ್ದು ಅಜ್ಜ.”

“ಜಗಲಿ ಇಷ್ಟು ಕೆಳಗಿರಲಿಲ್ಲ. ನಾನು ಅದರ ಮೇಲೆ ಹತ್ತಬೇಕಾದ್ರೆ ಕೈ ಊರಬೇಕಿತ್ತು. ಬಾಗಿಲೂ ಹೀಗಲ್ಲ. ಆನೆ ಹೋಗುವಂಥಾ ಬಾಗಿಲು ಅದು.”

ಬಾಗಿಲು ಎರಡು ತುಂಡು ಎತ್ತರ, ಎಂದರೆ ಎರಡು ಮೀಟರ್. ಹಳೆಯ ಮಲೆನಾಡ ಮನೆಗಳ ಬಾಗಿಲಿಗೆ ಅದೇ ಹೆಚ್ಚು. ನಾನು ನೋಡಿದ ಹಳೆಯ ಮನೆಗಳಲ್ಲೆಲ್ಲ ತಲೆ ಬಗ್ಗಿಸಿಯೇ ಒಳಗೆ ಹೋಗಿದ್ದೇನೆ. ಆದರೆ ಅಪ್ಪಯ್ಯ ಅಲ್ಲಿ ಹುಟ್ಟಿದವರು, ನಾನಲ್ಲ. ಅತ್ತೆಗೆ ಫೋನ್ ಮಾಡಿದೆ. ಅವರು ಅಪ್ಪಯ್ಯನ ಅಕ್ಕ, ಐದು ವರ್ಷ ದೊಡ್ಡವರು, ಶಿವಮೊಗ್ಗದಲ್ಲಿದ್ದಾರೆ. “ಯಾವ ಆನೆಯೋ,” ಎಂದರು ಅತ್ತೆ. “ನಮ್ಮಪ್ಪಯ್ಯ ದಿನಾ ತಲೆ ಹೊಡೆಸಿಕೊಳ್ತಿದ್ದ ಬಾಗಿಲದು.” ಸ್ಪೀಕರಿನಲ್ಲಿ ಕೇಳಿದ ಅಪ್ಪಯ್ಯ ಒಪ್ಪಲಿಲ್ಲ. ಅತ್ತೆ, ಅಪ್ಪಯ್ಯ ಇಬ್ಬರೂ ಹೆಡ್‌ಸೆಟ್ ಮರೆತು ವಾದಕ್ಕೆ ಬಿದ್ದರು. ಅಳಿಯ ಬಾಗಿಲನ್ನು ಮೂರು ತುಂಡಿಗೆ ಎತ್ತರಿಸಲು ಕೀಬೋರ್ಡಿಗೆ ಕೈ ಹಾಕಿದ್ದ.

ಅಷ್ಟರಲ್ಲಿ ಅಪ್ಪಯ್ಯ, “ಮಂಡಿ ನೋಯ್ತದೆ, ಒಂದು ಕುರ್ಚಿ ಕೊಡ್ರೋ,” ಎಂದರು. ಊಟದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಿಂದಿಟ್ಟೆ. ಅವರು ಹೆಡ್‌ಸೆಟ್ ತೆಗೆಯದೇ ಕೂತರು. ಕೂತವರು ಫೋನಿನಲ್ಲಿ ಅತ್ತೆ ಮಾತಾಡುತ್ತಿದ್ದರೂ ಉತ್ತರ ಕೊಡಲಿಲ್ಲ.

“ಹಾಂ,” ಎಂದರು. “ಈಗ ಬಂತು ನೋಡು. ಇದೇ ಬಾಗಿಲು.”

ಅಳಿಯ ನನ್ನ ಮುಖ ನೋಡಿದ. “ಮಾವ, ನಾನು ಇನ್ನೂ ಏನೂ ಮಾಡಿಲ್ಲ.”

ನನಗೆ ತಿಳಿಯಲು ತುಸು ಹೊತ್ತು ಬೇಕಾಯಿತು. ಟಿವಿಯಲ್ಲಿ ಆಡುವಾಗ ಆಟದ ಮನುಷ್ಯನ ಕಣ್ಣಿನ ಎತ್ತರ ಯಾವಾಗಲೂ 1.62 ಮೀಟರ್, ಆಡುವವರು ಮಂಚದ ಮೇಲೆ ಮಲಗಿದ್ದರೂ ಅಷ್ಟೇ. ವಿಆರ್‌ನಲ್ಲಿ ಹಾಗಲ್ಲ. ಹೆಡ್‌ಸೆಟ್ ನೆಲದಿಂದ ನಿಜವಾಗಿ ಎಷ್ಟು ಎತ್ತರದಲ್ಲಿದೆಯೋ ಅಲ್ಲಿಂದಲೇ ಲೋಕ ಕಾಣುತ್ತದೆ. ಕುರ್ಚಿಯಲ್ಲಿ ಕೂತ ದೊಡ್ಡವರ ಕಣ್ಣು ನೆಲದಿಂದ ಸುಮಾರು ನಾಲ್ಕು ಅಡಿ. ಒಂಬತ್ತು ವರ್ಷದ ಹುಡುಗ ನಿಂತರೆ ಅವನ ಕಣ್ಣೂ ಹೆಚ್ಚುಕಡಿಮೆ ಅಲ್ಲೇ. ಅಪ್ಪಯ್ಯ ದೊಡ್ಡವರಾಗಿ ಆ ಮನೆಯಲ್ಲಿ ಒಂದು ದಿನವೂ ನಿಂತಿರಲಿಲ್ಲ. ಅತ್ತೆ ಹೇಳಿದ್ದೂ ಸರಿ, ಅಪ್ಪಯ್ಯ ಹೇಳಿದ್ದೂ ಸರಿ. ಬಾಗಿಲನ್ನು ಒಂದು ತುಂಡೂ ಎತ್ತರಿಸಬೇಕಾಗಿರಲಿಲ್ಲ.

ಆಮೇಲೆ ಅಪ್ಪಯ್ಯ ಕುರ್ಚಿಯಲ್ಲಿ ಕೂತೇ ಮನೆ ಸುತ್ತಿದರು. ಕೂತರೆ ವೈವ್‌ಕ್ರಾಫ್ಟ್ ಅವರು ಬಗ್ಗಿ ನಡೆಯುತ್ತಿದ್ದಾರೆಂದು ತಿಳಿಯುತ್ತದೆ, ಹಾಗೆ ತಿಳಿಯುವ ಆಯ್ಕೆಯನ್ನು ಆಫ್ ಮಾಡಿಟ್ಟೆ. ಜಗಲಿಯಿಂದ ನಡುಮನೆಗೆ, ಅಲ್ಲಿಂದ ಅಡುಗೆಮನೆಗೆ. ನಡುಮನೆಯ ಕಂಬದ ಹತ್ತಿರ ಹೋಗಿ ಎರಡೂ ಕೈ ಚಾಚಿ ತಬ್ಬುವಂತೆ ಮಾಡಿದರು. ಒಂದು ಮೀಟರ್ ದಪ್ಪದ ಕಂಬ ಯಾವ ಮನೆಯಲ್ಲೂ ಇರಲಾರದು. ಅದಕ್ಕಿಂತ ತೆಳುವಾದ ದಿಮ್ಮಿ ಆಟದಲ್ಲಿ ಇಲ್ಲವೆಂದು ಅಳಿಯ ಹಾಗೆ ಮಾಡಿದ್ದ. ಅದರ ಬಗ್ಗೆ ಮಾತ್ರ ಅಪ್ಪಯ್ಯ ತಕರಾರು ಎತ್ತಲಿಲ್ಲ. ಆ ಕಂಬ ಅವರ ತಬ್ಬಿಗೆ ಸಿಗುತ್ತಿರಲಿಲ್ಲವಂತೆ.

ನಿಂತು ನಡೆಯಬೇಕು ಎಂದು ಮಧ್ಯಾಹ್ನ ಅವರೇ ಕೇಳಿದರು. ಅದಕ್ಕೂ ದಾರಿಯಿತ್ತು. ವೈವ್‌ಕ್ರಾಫ್ಟಿನ ಆಯ್ಕೆಗಳಲ್ಲಿ ಲೋಕದ ಅಳತೆ ಎಂಬುದೊಂದಿದೆ. ಸುಮ್ಮನೆ ದೈತ್ಯನಾಗಲು, ಇರುವೆಯಾಗಲು ಮಕ್ಕಳು ಅದನ್ನು ಬಳಸುತ್ತಾರೆ. ನಾನು ಆಟಗಾರನ ಗಾತ್ರವನ್ನು ಮುಕ್ಕಾಲಿಗೆ ಇಳಿಸಿದೆ. ಐದೂವರೆ ಅಡಿಯ ಅಪ್ಪಯ್ಯ ಅಲ್ಲಿ ನಾಲ್ಕು ಅಡಿ ಚಿಲ್ಲರೆ ಆದರು. ನಿಂತು ನೋಡಿ, “ಹೀಗೇ ಇರಲಿ, ಮುಟ್ಟಬೇಡ,” ಎಂದರು.

ದೀಪಾವಳಿಗೆ ಅತ್ತೆ ಸಾಗರಕ್ಕೆ ಬಂದರು. ನೀರು ಬಂದಾಗ ಅವರಿಗೆ ಹದಿನಾಲ್ಕು, ಎತ್ತರಕ್ಕೆ ಬೆಳೆದಾಗಿತ್ತು. ಅಳಿಯ ಅದನ್ನು ಲೆಕ್ಕ ಹಾಕಿ ಅಳತೆಯನ್ನು ಮತ್ತೆ ಒಂದಕ್ಕೆ ತಂದಿಟ್ಟಿದ್ದ. ಅತ್ತೆ ನಿಂತೇ ನೋಡಿದರು. ಬಾಗಿಲು, ಜಗಲಿ, ಅಡುಗೆಮನೆಯ ಒಲೆ ಎಲ್ಲ ಒಪ್ಪಿದರು. ಹಿತ್ತಿಲಿಗೆ ಹೋದವರು ಅಲ್ಲೇ ನಿಂತುಬಿಟ್ಟರು. ಬಾವಿ ಬಚ್ಚಲ ಪಕ್ಕದಲ್ಲಿರಲಿಲ್ಲ, ಕೊಟ್ಟಿಗೆಯ ಹಿಂದಿತ್ತು ಎಂದರು. ನೀರು ಸೇದಿದ್ದು ತಾನೋ ತಮ್ಮನೋ ಎಂದು ಕೇಳಿದರು. ಅಪ್ಪಯ್ಯ ತನ್ನ ಮಾತು ಬಿಡಲಿಲ್ಲ, ಬಾವಿಗೆ ಇಣುಕಿ ಬೈಸಿಕೊಂಡದ್ದು ಬಚ್ಚಲ ಕಿಟಕಿಯಿಂದಲೇ ಎಂದರು. ಇದಕ್ಕೆ ಯಾವ ಅಳತೆಯನ್ನು ಏರಿಸಿ ಇಳಿಸಿದರೂ ಪ್ರಯೋಜನವಿರಲಿಲ್ಲ. ಅಳಿಯ ಲೋಕದ ಕಡತವನ್ನು ಇನ್ನೊಂದು ನಕಲು ಮಾಡಿದ. ಈಗ ಅವನ ಬಳಿ ಆ ಮನೆ ಎರಡಿವೆ. ಅಜ್ಜನದರಲ್ಲಿ ಬಾವಿ ಬಚ್ಚಲ ಪಕ್ಕ, ಅತ್ತೆಯದರಲ್ಲಿ ಕೊಟ್ಟಿಗೆಯ ಹಿಂದೆ.