ಆಗದೇ ಉಳಿದ ಗೋಲುಗಳು

ಫುಟ್‌ಬಾಲ್ ನೋಡುವಾಗ ಕಣ್ಣು ಚೆಂಡಿನ ಬೆನ್ನು ಹತ್ತಿ ಓಡುತ್ತದೆ. ಹಾಗೆ ನೋಡುವವರಿಗೆ ಇಟಲಿಯ ಡಿಫೆಂಡರ್ ಪಾವ್ಲೊ ಮಾಲ್ದಿನಿ ಸರಿಯಾಗಿ ಕಾಣಿಸುವುದೇ ಇಲ್ಲ. ಆತನ ಆಟದ ಬಹುಪಾಲು ನಡೆದದ್ದು ಚೆಂಡು ಇನ್ನೂ ಬಾರದ ಜಾಗದಲ್ಲಿ. ಎದುರಾಳಿ ಫಾರ್ವರ್ಡ್‌ನ ಭುಜದ ಪಕ್ಕ ಮೈ ಅರ್ಧ ತಿರುಗಿಸಿ ನಿಲ್ಲುವುದು, ಒಂದು ಗಮನ ಪಾಸ್ ಕೊಡುವವನ ಪಾದದ ಮೇಲೆ, ಇನ್ನೊಂದು ಅದಕ್ಕಾಗಿ ಹೊಂಚು ಹಾಕಿದವನ ಮೇಲೆ. ದಾರಿ ಮುಚ್ಚಿದೆಯೆಂದು ಆ ಪಾಸ್ ಕೊಡುವವನು ಮನಸ್ಸು ಬದಲಿಸಿ ಚೆಂಡನ್ನು ಹಿಂದಕ್ಕೆ ತಟ್ಟಿಬಿಟ್ಟರೆ ಮಾಲ್ದಿನಿಯ ಕೆಲಸ ಮುಗಿಯಿತು. ಅಂಕಿಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಟ್ಯಾಕಲ್ ಮಾಡಬೇಕಾಗಿ ಬಂತೆಂದರೆ ಅದಕ್ಕೂ ಮುಂಚೆಯೇ ತಾನೆಲ್ಲೋ ಎಡವಿದ್ದೇನೆ ಎಂಬರ್ಥದ ಮಾತೊಂದು ಆತನ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಆಡಿದ್ದು ಆತನೇ ಆಗಿರಲಿ, ಬಿಡಲಿ, ಆಟಕ್ಕಂತೂ ಒಪ್ಪುವ ಮಾತು. ಡಿಫೆಂಡರ್‌ನ ಕಸುಬು ತಡೆಯುವುದಕ್ಕಿಂತ ಹೆಚ್ಚಾಗಿ ಓದುವುದು. ಅದನ್ನು ಸವಿಯಬೇಕಾದರೆ ನೋಡುವವರೂ ಚೆಂಡನ್ನು ಬಿಟ್ಟು ಓದಲು ಕೂರಬೇಕು.

ಇದಕ್ಕೆ ದೊಡ್ಡ ಸಾಕ್ಷಿ ಆತ ಆಡಿದ ಕಾಲದ ಉದ್ದ. 1985ರ ಜನವರಿಯಲ್ಲಿ ಉಡಿನೆಸೆ ವಿರುದ್ಧ ಬದಲಿ ಆಟಗಾರನಾಗಿ ಎ.ಸಿ. ಮಿಲಾನ್ ಪರ ಕಣಕ್ಕಿಳಿದಾಗ ವಯಸ್ಸು 16. ಬೂಟು ಕಳಚಿಟ್ಟದ್ದು 2009ರ ಮೇ ತಿಂಗಳಲ್ಲಿ, 41ಕ್ಕೆ ಕೆಲವೇ ವಾರ ಬಾಕಿ ಇದ್ದಾಗ. ನಡುವೆ ಒಂದೇ ಕ್ಲಬ್‌ಗೆ 902 ಪಂದ್ಯ, ಇಟಲಿಗೆ 126. ಮೂವತ್ತು ದಾಟಿದ ಮೇಲೆ ಕಾಲಿನ ವೇಗ ಯಾರ ಮಾತೂ ಕೇಳುವುದಿಲ್ಲ. ವೇಗವನ್ನೇ ನಂಬಿದ ಡಿಫೆಂಡರ್ ಅಲ್ಲಿಗೆ ಮುಗಿದ. ಹುಟ್ಟಾ ಬಲಗಾಲಿನವನಾದ ಮಾಲ್ದಿನಿ ಎಡ ಅಂಚಿನಲ್ಲಿ ಲೆಫ್ಟ್ ಬ್ಯಾಕ್ ಆಗಿ ಬೆಳೆದು, ವಯಸ್ಸಾಗುತ್ತ ಒಳಕ್ಕೆ ಸರಿದು ಸೆಂಟರ್ ಬ್ಯಾಕ್ ಆದ. ಅಲ್ಲಿ ಓಟ ಕಡಿಮೆ, ಅಂದಾಜು ಹೆಚ್ಚು. 2007ರಲ್ಲಿ ಅಥೆನ್ಸ್‌ನಲ್ಲಿ ನಾಯಕನಾಗಿ ಚಾಂಪಿಯನ್ಸ್ ಲೀಗ್ ಕಪ್ ಎತ್ತುವಾಗ ಆತನಿಗೆ 38 ವರ್ಷ. ಆ ಕಾಲುಗಳು ಇಪ್ಪತ್ತರ ಹುಡುಗರನ್ನು ಓಡಿ ಹಿಡಿದವು ಎಂದು ನಂಬುವುದಕ್ಕಿಂತ, ಓಡುವ ಪ್ರಸಂಗವನ್ನೇ ಆತ ತಪ್ಪಿಸುತ್ತಿದ್ದ ಎಂದು ನಂಬುವುದು ಸುಲಭ.

ಇದೆಲ್ಲ ತಂಡದ ಪುಣ್ಯ, ಪಕ್ಕದಲ್ಲಿ ಫ್ರಾಂಕೊ ಬರೇಸಿಯಂಥ ಡಿಫೆಂಡರ್ ಇದ್ದರೆ ಯಾರು ಬೇಕಾದರೂ ಮಾಲ್ದಿನಿ ಆಗಬಹುದು ಎನ್ನುವವರಿದ್ದಾರೆ. ಆಕ್ಷೇಪ ಪೊಳ್ಳಲ್ಲ. ಕೋಚ್ ಅರಿಗೊ ಸಾಕಿ ಕಟ್ಟಿದ ನಾಲ್ವರು ಡಿಫೆಂಡರ್‌ಗಳ ಸಾಲು ಒಟ್ಟಿಗೆ ಮುಂದೆ ಸರಿದು, ಒಟ್ಟಿಗೆ ಹಿಂದೆ ಬಂದು, ಎದುರಾಳಿಗಳನ್ನು ಆಫ್‌ಸೈಡ್ ಬಲೆಗೆ ಕೆಡವುತ್ತಿತ್ತು. ಸಾಕಿಯ ನಂತರ ಫಾಬಿಯೊ ಕಪೆಲೊ ಕೈಯಲ್ಲಿ, 1993–94ರ ಇಟಲಿ ಲೀಗ್‌ನ 34 ಪಂದ್ಯಗಳಲ್ಲಿ ಮಿಲಾನ್ ಬಿಟ್ಟುಕೊಟ್ಟದ್ದು ಬರೀ 15 ಗೋಲು. ಇದರಲ್ಲಿ ಮಾಲ್ದಿನಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಆದರೆ ಅದೇ ಋತುವಿನ ಕೊನೆಯಲ್ಲಿ ಒಂದು ಪರೀಕ್ಷೆ ತಾನಾಗಿ ಒದಗಿಬಂತು. ಅಥೆನ್ಸ್‌ನಲ್ಲಿ ನಡೆದ ಯುರೋಪಿಯನ್ ಫೈನಲ್‌ಗೆ ಬರೇಸಿಯೂ ಇಲ್ಲ, ಆತನ ಜೊತೆಗಾರ ಕೋಸ್ಟಾಕುರ್ಟಾನೂ ಇಲ್ಲ; ಇಬ್ಬರಿಗೂ ನಿಷೇಧ. ಎದುರಿಗೆ ಕ್ರೈಫ್ ಗರಡಿಯ ಬಾರ್ಸಿಲೋನಾ, ಮುಂಚೂಣಿಯಲ್ಲಿ ರೊಮಾರಿಯೊ, ಸ್ಟೊಯ್ಚ್‌ಕೊವ್. ಮಾಲ್ದಿನಿ ಎಡ ಅಂಚು ಬಿಟ್ಟು ಫಿಲಿಪ್ಪೊ ಗಾಲಿಯ ಜೊತೆ ನಡುವೆ ನಿಂತ. ಫಲಿತಾಂಶ 4–0. ಎರಡು ತಿಂಗಳ ಬಳಿಕ ಪಸದೇನಾದಲ್ಲಿ ಇಟಲಿಗೆ ವಿಶ್ವಕಪ್ ಫೈನಲ್, ಮತ್ತೆ ಎದುರಿಗೆ ಅದೇ ರೊಮಾರಿಯೊ. ಅಥೆನ್ಸ್‌ನ 90 ನಿಮಿಷ, ಪಸದೇನಾದ 120 ನಿಮಿಷ: ಆ ವರ್ಷ ಜಗತ್ತೇ ಹೆದರಿದ್ದ ಗೋಲುಗಾರನಿಗೆ ಶೂಟೌಟ್ ಬರುವವರೆಗೂ ಬಲೆ ಸಿಗಲಿಲ್ಲ. ಅಲ್ಲದೆ ಬರೇಸಿ ನಿವೃತ್ತನಾದದ್ದು 1997ರಲ್ಲಿ. ಮಾಲ್ದಿನಿಯ ಐದು ಯುರೋಪಿಯನ್ ಕಪ್‌ಗಳಲ್ಲಿ ಎರಡು ಬಂದದ್ದು ಆಮೇಲೆ.

ಬೇಸರದ ಆಟ ಎಂಬ ದೂರು ಇದಕ್ಕಿಂತ ಹಳೆಯದು. ಅದನ್ನು ಅರ್ಧ ಒಪ್ಪುತ್ತೇನೆ. 1993–94ರಲ್ಲಿ ಲೀಗ್ ಗೆದ್ದ ಮಿಲಾನ್ ಹೊಡೆದ ಗೋಲುಗಳೂ 36 ಮಾತ್ರ. 2003ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಯುವೆಂಟಸ್ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್ ಗೋಲಿಲ್ಲದೆ ಮುಗಿದು ಶೂಟೌಟ್‌ಗೆ ಹೋಯಿತು. ಹೊಸದಾಗಿ ಫುಟ್‌ಬಾಲ್ ನೋಡಲು ಕೂತವರಿಗೆ ಆ ಪಂದ್ಯ ತೋರಿಸುವುದು ಪಾಪದ ಕೆಲಸ. ಆದರೂ ಆ ರಾತ್ರಿ ಮಾಲ್ದಿನಿ ಮತ್ತು ಜೊತೆಗಾರ ಡಿಫೆಂಡರ್ ನೆಸ್ಟಾ ನಡುವಿನ ಅಂತರವನ್ನೇ ನೋಡುತ್ತಿದ್ದರೆ, ಒಬ್ಬ ಚೆಂಡಿಗೆ ಹೋದಾಗ ಇನ್ನೊಬ್ಬ ಅವನ ಬೆನ್ನಿಗೆ ಸರಿಯುವ ಲಯ ಹಿಡಿದರೆ, 120 ನಿಮಿಷ ಹೆಚ್ಚೆನಿಸುವುದಿಲ್ಲ. ಗೋಲಿನ ಸಂತೋಷ ಥಟ್ಟನೆ ಬಂದು ಮುಗಿಯುತ್ತದೆ. ಇದು ಹಾಗಲ್ಲ, ಇಳಿಯಲು ಹೊತ್ತು ಬೇಕು.

ಇನ್ನು ಸೋಲುಗಳ ಮಾತು. 2005ರ ಇಸ್ತಾಂಬುಲ್ ಫೈನಲ್‌ನಲ್ಲಿ ಮೊದಲ ನಿಮಿಷದಲ್ಲೇ ಗೋಲು ಹೊಡೆದವನು ಮಾಲ್ದಿನಿ, ಅರ್ಧಾವಧಿಗೆ 3–0. ಆಮೇಲೆ ಲಿವರ್‌ಪೂಲ್ ಆರು ನಿಮಿಷಗಳಲ್ಲಿ ಮೂರು ಗೋಲು ಹಾಕಿತು, ಕಪ್ಪೂ ಹೋಯಿತು. 2002ರ ವಿಶ್ವಕಪ್‌ನಲ್ಲಿ ದಕ್ಷಿಣ ಕೊರಿಯಾದ ಆನ್ ಜಂಗ್-ಹ್ವಾನ್ ಆತನಿಗಿಂತ ಮೇಲೆ ಹಾರಿ ತಲೆಯಿಂದ ಹೊಡೆದ ಗೋಲ್ಡನ್ ಗೋಲಿಗೆ ಇಟಲಿ ಮನೆಗೆ ನಡೆಯಿತು. ದೇಶಕ್ಕಾಗಿ ಮಾಲ್ದಿನಿ ಆಡಿದ ಕೊನೆಯ ಪಂದ್ಯವೇ ಅದು. ನಾಲ್ಕು ವಿಶ್ವಕಪ್ ಆಡಿಯೂ ಇಟಲಿಯ ಜೊತೆ ಒಂದು ಕಪ್ಪೂ ಇಲ್ಲ. ಓದುವ ಕಲೆ ಅಷ್ಟು ದೊಡ್ಡದಾದರೆ ಇವೇಕಾದವು? ಓದು ತಪ್ಪಬಹುದು, ಎದುರಿನವನು ಒಂದು ಗೇಣು ಎತ್ತರ ಹಾರಬಹುದು. ಯಾವ ಕಸುಬೂ ಇದಕ್ಕೆ ಹೊರತಲ್ಲ. ಅನ್ಯಾಯ ಇರುವುದು ನಮ್ಮ ನೆನಪಿನಲ್ಲಿ. ಫಾರ್ವರ್ಡ್ ತಪ್ಪಿಸಿದ ಅವಕಾಶಗಳು ಆತ ಹೊಡೆದ ಒಂದು ಗೋಲಿನಡಿ ಮುಚ್ಚಿಹೋಗುತ್ತವೆ. ಡಿಫೆಂಡರ್‌ನ ಲೆಕ್ಕ ತಿರುಗುಮುರುಗು: ತಪ್ಪಿದ ಆ ಒಂದು ಹೆಡರ್‌ಗೆ ವಿಡಿಯೊ ಇದೆ, ಆಗದೇ ಉಳಿದ ನೂರಾರು ಗೋಲುಗಳಿಗೆ ಏನೂ ಇಲ್ಲ.

ಪ್ರಶಸ್ತಿ ಕೊಡುವವರ ನೆನಪೂ ಇದೇ ಬಗೆಯದು. ಬ್ಯಾಲನ್ ಡಿ’ಓರ್ ಪಟ್ಟಿಯಲ್ಲಿ 1994ರಲ್ಲೂ 2003ರಲ್ಲೂ ಮಾಲ್ದಿನಿಗೆ ಸಿಕ್ಕಿದ್ದು ಮೂರನೆಯ ಸ್ಥಾನ. ಎರಡು ಸಲವೂ ಮುಂದಿದ್ದವರು ಗೋಲು ಹೊಡೆಯುವ, ಹೊಡೆಸುವ ಪೈಕಿ. ಮನೆಯಲ್ಲಿ ಮಾತ್ರ ಈ ಕಸುಬು ಹೊಸದೇನಲ್ಲ: ಅಪ್ಪ ಚೆಸಾರೆಯೂ ಡಿಫೆಂಡರ್, 1963ರಲ್ಲಿ ಮಿಲಾನ್‌ಗೆ ಯುರೋಪಿಯನ್ ಕಪ್ ತಂದ ನಾಯಕ. ಮಿಲಾನ್ ತನ್ನ 3ನೇ ಸಂಖ್ಯೆಯ ಜರ್ಸಿಯನ್ನು ಮಾಲ್ದಿನಿಯ ಮಕ್ಕಳ ಹೊರತು ಯಾರಿಗೂ ಕೊಡುವುದಿಲ್ಲವೆಂದು ಎತ್ತಿಟ್ಟಿತು. ಮಗ ಡ್ಯಾನಿಯಲ್ ಮಿಲಾನ್‌ಗೂ ಆಡಿದ, 2024ರಲ್ಲಿ ಇಟಲಿಗೂ ಆಡಿದ. ಆದರೆ ಹುಡುಗ ಆರಿಸಿಕೊಂಡದ್ದು ಗೋಲು ಹೊಡೆಯುವ ಕಡೆಯನ್ನು. ಅವನನ್ನು ದೂರಲು ನನಗೆ ಬಾಯಿ ಬರುವುದಿಲ್ಲ.