ಬೆಂಡಿನ ಮೇಲೊಂದು ಕಣ್ಣು

ಇವತ್ತು ಬೆಳಿಗ್ಗೆ ಕೆರೆ ಏರಿಯ ಮೇಲೆ ಒಬ್ಬ ಹುಡುಗ ಗಾಳ ಹಾಕಿಕೊಂಡು ಕೂತಿದ್ದ. ದೂರದಿಂದ ಕಂಡಾಗ ಆದ ಖುಷಿ ಹತ್ತಿರ ಹೋಗುವಷ್ಟರಲ್ಲಿ ಇಳಿದುಹೋಯಿತು. ಕೋಲನ್ನು ಕವೆಗೆ ಒರಗಿಸಿ, ಅದರ ತುದಿಗೆ ಒಂದು ಪುಟ್ಟ ಗಂಟೆ ಸಿಕ್ಕಿಸಿ, ಅವನು ಮೊಬೈಲಿನಲ್ಲಿ ಮುಳುಗಿದ್ದ. “ಮೀನು ಕಚ್ಚಿದ್ರೆ ಗಂಟೆ ಬಡಿಯುತ್ತೆ ಸಾರ್, ನೋಡ್ತಾ ಕೂರೋ ಕೆಲಸವೇ ಇಲ್ಲ” ಎಂದ. ಬ್ಯಾಟರಿಯದ್ದೂ ಬರುತ್ತದಂತೆ, ಅದು ಕೂಗುವುದರ ಜೊತೆಗೆ ದೀಪವನ್ನೂ ಹೊತ್ತಿಸುತ್ತದಂತೆ. ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಮಾತಾಡಿದ. ಆದರೂ ಮನೆಗೆ ಬಂದು ಕಾಫಿ ಕುಡಿದ ಮೇಲೂ ನನ್ನ ಮನಸ್ಸು ಸರಿಹೋಗಲಿಲ್ಲ. ನೋಡುತ್ತ ಕೂರುವುದು ಬೇಡವೆಂದಾದರೆ ಗಾಳ ಯಾಕೆ ಬೇಕು? ಮೀನು ಸಂತೆಯಲ್ಲೂ ಸಿಗುತ್ತದೆ.

ಗಾಳ ಹಾಕುವುದು ಆರೋಗ್ಯಕ್ಕೆ ಒಳ್ಳೆಯದೆಂದು ಈಗ ಎಲ್ಲರೂ ಹೇಳುತ್ತಾರೆ. ಎಳೆಬಿಸಿಲು, ನಡಿಗೆ, ತಂಪು ಗಾಳಿ, ತೋಳಿಗೆ ಒಂದಿಷ್ಟು ಕೆಲಸ. ಎಲ್ಲ ನಿಜ, ಎಲ್ಲ ಗೊತ್ತಿದ್ದದ್ದೇ. ಗದ್ದೆ ಬದುವಿನ ಮೇಲೆ ಓಡಾಡಿದರೂ ಇವೆಲ್ಲ ದಕ್ಕುತ್ತವೆ. ಗದ್ದೆ ಬದುವಿನಲ್ಲಿ ಇಲ್ಲದ್ದು, ಗಾಳದಲ್ಲಿ ಮಾತ್ರ ಇರುವುದು ಬೆಂಡು.

ನೀರಿನ ಮೇಲೆ ತೇಲುವ ಆ ಬೆರಳುದ್ದದ ತುಂಡಿನ ಬಗ್ಗೆ ಯಾರೂ ಬರೆಯುವುದಿಲ್ಲ. ನನಗೆ ಗಾಳ ಕಟ್ಟಲು ಕಲಿಸಿದ ಸೋದರಮಾವ ಜೋಳದ ದಂಟಿನ ಸಿಪ್ಪೆ ಸುಲಿದು ಬೆಂಡು ಮಾಡುತ್ತಿದ್ದ. ನವಿಲುಗರಿಯ ಬುಡ ಸಿಕ್ಕರೆ ಅದು ಇನ್ನೂ ಚುರುಕು. ತಂಗೂಸಿಗೆ ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟುತ್ತೇವೆ ಎನ್ನುವುದರ ಮೇಲೆ ಎರೆಹುಳು ಎಷ್ಟು ಆಳದಲ್ಲಿ ನಿಲ್ಲಬೇಕೆಂಬುದು ತೀರ್ಮಾನವಾಗುತ್ತದೆ. ಸೀಸ ಹೆಚ್ಚಾದರೆ ಬೆಂಡು ಮುಳುಗುತ್ತದೆ, ಕಡಿಮೆಯಾದರೆ ಅಡ್ಡ ಮಲಗುತ್ತದೆ. ಸರಿಯಾಗಿ ಕಟ್ಟಿದ ಬೆಂಡು ತಲೆಯಷ್ಟನ್ನೇ ಹೊರಗಿಟ್ಟು ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಅದು ಮಾತಾಡತೊಡಗುತ್ತದೆ. ಜಿಲೇಬಿ ಮೀನಾದರೆ ಕುಟುಕುತ್ತದೆ, ಬೆಂಡು ಮಿಡಿಯುತ್ತದೆ. ಗೆಂಡೆಗೆ ಅವಸರವಿಲ್ಲ, ಬೆಂಡು ಮೆಲ್ಲಗೆ ವಾಲಿ ಪಕ್ಕಕ್ಕೆ ಸರಿಯುತ್ತದೆ. ಕೊರಮೀನು ಹಿಡಿಯಿತೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಡೇ ಇಲ್ಲ. ಗಂಟೆಗೆ ಇದೊಂದೂ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಸುದ್ದಿ, ಅದೂ ಎಲ್ಲ ಮುಗಿದ ಮೇಲೆ.

ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ದಂಪತಿಗಳಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1989ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಗಮನದ ಬಗ್ಗೆ ಒಂದು ಮಾತು ಹೇಳಿದ್ದಾರೆ. ಲೆಕ್ಕ ಬರೆಯುವಾಗ, ಗಾಡಿ ಓಡಿಸುವಾಗ ನಾವು ಬಲವಂತದಿಂದ ಹಿಡಿದಿಡುವ ಗಮನ ದಣಿಯುತ್ತದೆ; ದಣಿದಾಗ ಸಿಡುಕು ಬರುತ್ತದೆ, ತಪ್ಪುಗಳಾಗುತ್ತವೆ. ಮೋಡ, ಎಲೆ, ಹರಿಯುವ ನೀರು ನಮ್ಮ ಗಮನವನ್ನು ತಾವಾಗಿ, ಮೆತ್ತಗೆ ಸೆಳೆಯುತ್ತವೆ. ಆ ಹೊತ್ತಿನಲ್ಲಿ ದಣಿದದ್ದು ಸುಧಾರಿಸಿಕೊಳ್ಳುತ್ತದೆ. ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಬೆಂಡೇ. ಸುಮ್ಮನೆ ನೀರು ನೋಡುತ್ತ ಕೂತರೆ ಸ್ವಲ್ಪ ಹೊತ್ತಿಗೆ ಮನೆಯ ಸಾಲ, ಮಗಳ ಪರೀಕ್ಷೆ, ಆಫೀಸಿನ ಜಗಳ ಎಲ್ಲ ಒಂದೊಂದಾಗಿ ಬಂದು ಪಕ್ಕದಲ್ಲೇ ಕೂರುತ್ತವೆ. ಬೆಂಡಿದ್ದರೆ ಹಾಗಲ್ಲ. ಅದು ಕೇಳುವುದು ಬಹಳ ಕಡಿಮೆ, ಆದರೆ ಪೂರ್ತಿ ಬಿಟ್ಟುಕೊಡುವುದೂ ಇಲ್ಲ. ಈಗ ಅಲ್ಲಾಡಬಹುದು ಎಂಬ ಆಸೆಯೊಂದೇ ಮನಸ್ಸನ್ನು ಅಲ್ಲಿ ನಿಲ್ಲಿಸುತ್ತದೆ. ಧ್ಯಾನಕ್ಕೆ ಕೂತು ಸೋತವರಿಗೆ ನಾನು ಹೇಳುವುದು ಇದನ್ನೇ.

ಇನ್ನೊಂದು ಸಂಗತಿ. 1996ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಸ್ತನ ಕ್ಯಾನ್ಸರ್ ಆದ ಹೆಂಗಸರಿಗೆ ಗಾಳ ಕಲಿಸುವ ‘ಕಾಸ್ಟಿಂಗ್ ಫಾರ್ ರಿಕವರಿ’ ಎಂಬ ಸಂಸ್ಥೆ ಶುರುವಾಯಿತು. ಗಾಳ ಬೀಸುವ ತೋಳಿನ ಚಲನೆಯೂ ಶಸ್ತ್ರಚಿಕಿತ್ಸೆಯ ನಂತರ ಹೇಳಿಕೊಡುವ ವ್ಯಾಯಾಮವೂ ಹೆಚ್ಚುಕಡಿಮೆ ಒಂದೇ. ಕಾಯಿಲೆಯ ಮಾತಿಲ್ಲದೆ ನೀರಿನಲ್ಲಿ ನಿಂತ ಕೆಲವು ಗಂಟೆಗಳು ಆ ಹೆಂಗಸರಿಗೆ ಏನಾಗಿದ್ದಿರಬಹುದೆಂದು ಯೋಚಿಸಿದರೆ ಗಂಟಲು ಕಟ್ಟುತ್ತದೆ.

ಇಷ್ಟೆಲ್ಲ ಬರೆಯುವಾಗ ಶಾಕುಂತಲದ ಬೆಸ್ತ ಅಡ್ಡ ಬಂದು ನಿಲ್ಲುತ್ತಾನೆ. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಆ ನಾಟಕದಲ್ಲಿ ಎಲ್ಲರಿಗೂ ನೆನಪಿರುವುದು ಉಂಗುರ. ಉಂಗುರ ನುಂಗಿದ ಮೀನನ್ನು ಹಿಡಿದವನನ್ನು ಕಾವಲಿನವರು ಕಳ್ಳನೆಂದು ಹೊಡೆಯುತ್ತಾರೆ, ಅವನ ಕಸುಬನ್ನು ಹಂಗಿಸುತ್ತಾರೆ. ಅವನು ತಗ್ಗುವುದಿಲ್ಲ. ಹುಟ್ಟಿನಿಂದ ಬಂದ ಕೆಲಸವನ್ನು ಜನ ಹಳಿದರೆಂದು ಬಿಡಲಾಗದು ಎನ್ನುತ್ತಾನೆ. ಅರಸನ ಕಡೆಯಿಂದ ಬಹುಮಾನ ಬಂದಾಗ ಅರ್ಧವನ್ನು ಹೊಡೆದವರಿಗೇ ಕೊಡುತ್ತಾನೆ. ಇಡೀ ನಾಟಕದಲ್ಲಿ ದುಷ್ಯಂತನಿಗಿಂತ ದೊಡ್ಡ ಮನಸ್ಸು ಇವನದೇ ಎಂದು ನನ್ನ ಅಭಿಪ್ರಾಯ. ಅವನಂತೆಯೇ ಹೊಟ್ಟೆಪಾಡಿಗಾಗಿ ಮಲ್ಪೆಯ ಬೋಟಿನಲ್ಲಿ ರಾತ್ರಿಯಿಡೀ ಬಲೆ ಎಳೆದು ಸೊಂಟ ಹಿಡಿದುಕೊಂಡು ಇಳಿಯುವವರ ಮುಂದೆ ಮೀನು ಹಿಡಿಯುವುದರಿಂದ ನೆಮ್ಮದಿ ಸಿಗುತ್ತದೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಬಿಡುವಿನ ಗಾಳ ಬಿಡುವಿದ್ದವರ ಭಾಗ್ಯ.

ಭಾಗ್ಯವಂತರಿಗೆ ಮೀನಿನ ಕಡೆಯ ಲೆಕ್ಕವೂ ಗೊತ್ತಿರಬೇಕು. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಒಂದು ಕಾಲಕ್ಕೆ ರಾಗಿ ಹಿಟ್ಟಿನ ಉಂಡೆ ಕಟ್ಟಿ ಮಹಶೀರ್ ಹಿಡಿದು, ತೂಗಿ, ಮತ್ತೆ ಹೊಳೆಗೆ ಬಿಡುತ್ತಿದ್ದರು. ಬೆನ್ನ ಮೇಲೆ ಡುಬ್ಬವಿರುವ ಆ ಕಾವೇರಿ ಮಹಶೀರ್ ಇಂದು ಅಳಿವಿನ ತೀರಾ ಅಂಚಿನಲ್ಲಿದೆ. ಹಿಡಿದು ಬಿಡುವುದಾದರೂ ಒದ್ದೆ ಕೈಯಿಂದ ಮುಟ್ಟಬೇಕು. ಒಣ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬಂದು ಬೂಸ್ಟು ಹಿಡಿಯುತ್ತದೆ. ನನ್ನ ಮಟ್ಟಿಗೆ, ಮನೆಯ ಸಾರಿಗೆ ಬೇಕಾದಷ್ಟು ಸಿಕ್ಕ ಮೇಲೆ ಗಾಳ ಸುತ್ತಿಡುವುದೇ ವಾಸಿ. ಬರೀ ಮೋಜಿಗೆಂದು ಮುಳ್ಳು ಚುಚ್ಚುವುದು ನನಗೆ ಸೇರದು.

ಮಲೆನಾಡಿನಲ್ಲಿ ಮುಂಗಾರು ಹಿಡಿದ ಕೂಡಲೇ ಮೀನುಗಳು ಹೊಳೆ ಬಿಟ್ಟು ಹಳ್ಳ, ತೋಡು, ಗದ್ದೆಗಳಿಗೆ ಮೊಟ್ಟೆಯಿಡಲು ಹತ್ತುತ್ತವೆ. ರಾತ್ರಿ ಟಾರ್ಚು, ಕತ್ತಿ, ಕೂಣಿ ಹಿಡಿದು ಹತ್ತುಮೀನಿಗೆ ಹೊರಡುವ ಉತ್ಸಾಹ ನನಗೆ ಗೊತ್ತಿಲ್ಲದ್ದಲ್ಲ, ಅದರ ರುಚಿಯೂ ಗೊತ್ತು. ಆದರೆ ಹೊಟ್ಟೆ ತುಂಬ ಮೊಟ್ಟೆಯಿರುವ ಒಂದು ಮೀನು ಹೋದರೆ ಮುಂದಿನ ವರ್ಷದ ಸಾವಿರಾರು ಮರಿಗಳು ಹೋದಂತೆ. ಕಡಲಿನಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಇಳಿಯದಂತೆ ಸರ್ಕಾರ ತಡೆಯುತ್ತದೆ, ಹೊಟ್ಟೆಪಾಡಿನವರು ಆ ತಡೆಯನ್ನು ತಾಳಿಕೊಳ್ಳುತ್ತಾರೆ. ಬಿಡುವಿಗೆ ಗಾಳ ಹಾಕುವ ನಾವು ಅಷ್ಟೂ ಮಾಡಬಾರದೆ? ಮೊದಲ ಮಳೆಯಿಂದ ಹೊಳೆ ತಿಳಿಯಾಗುವವರೆಗೆ ದಯವಿಟ್ಟು ಗಾಳ ಮುಟ್ಟಬೇಡಿ, ಹತ್ತುವ ಮೀನನ್ನು ಹತ್ತಲು ಬಿಡಿ.